ಸೂರುಬಿಚ್ಚಿದ ಗುಡ್ಡ

ಓದುವವರು ಮೊದಲೇ ನನ್ನನ್ನು ಕ್ಷಮಿಸಬೇಕು. ಈ ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದವಳು ನನ್ನ ದೊಡ್ಡಮ್ಮ ಕುನ್ನವ್ವ. ಅವಳು ತೀರಿಕೊಂಡು ಐದು ಮಳೆಗಾಲ ಕಳೆಯಿತು. ಅವಳು ಹೇಳುವಾಗ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು, ಕೇಳುವವರು ಉಸಿರು ಹಿಡಿದು ಕಾಯುತ್ತಿದ್ದರು. ನಾನು ಆಶ್ರಮ ಶಾಲೆಯಲ್ಲಿ ಅಡುಗೆ ಮಾಡುವವನು. ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಒಂದು ಪುಸ್ತಕ ತರುತ್ತಿದ್ದೇವೆ, ನಿಮ್ಮ ಗುಡ್ಡಕ್ಕೆ ಆ ಹೆಸರು ಏಕೆ ಬಂತೆಂದು ಬರೆದುಕೊಡಿ ಎಂದು ನಮ್ಮ ಶಾಲೆಯ ಲೀಲಾವತಿ ಮೇಡಂ ನನಗೆ ಹೇಳಿದ್ದಾರೆ. ಅಕ್ಕಿ ಬೇಳೆಯ ಚೀಟಿ ಬಿಟ್ಟರೆ ನಾನು ಬರೆಯುತ್ತಿರುವುದು ಇದೇ ಮೊದಲು. ಹೊರಗಿನವರಿಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬುದು ನನಗೆ ತಿಳಿಯದ ಕಾರಣ ಎಲ್ಲವನ್ನೂ ಬಿಡಿಸಿಯೇ ಬರೆಯುತ್ತೇನೆ. ಗೊತ್ತಿದ್ದವರು ಆ ಭಾಗ ದಾಟಿಕೊಂಡು ಹೋಗಬಹುದು.

ಶಾಲೆಯ ಹಿಂದಿನ ಹಳ್ಳವನ್ನು ದಾಟಿ, ಬಿದಿರು ಮೆಳೆ ಮುಗಿಯುವ ತನಕ ನಡೆದರೆ ದೊಡ್ಡ ಕಾಡು ಶುರುವಾಗುತ್ತದೆ. ದೊಡ್ಡ ಕಾಡು ಎಂದರೆ ಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳದ ಕಾಡು, ವರ್ಷವಿಡೀ ಎಲೆ ಉದುರಿಸದ ಮರಗಳ ಕಾಡು. ಅಲ್ಲಿಂದ ಮುಂದೆ ಜಿಗಣೆ ಇರುತ್ತದೆ, ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪು ಹಚ್ಚಿಕೊಳ್ಳಬೇಕು. ಒಂದು ತಾಸು ಹತ್ತಿದ ಮೇಲೆ ನಮ್ಮ ಹಾಡಿ ಸಿಗುತ್ತದೆ. ಹಾಡಿ ಎಂದರೆ ನಮ್ಮ ಜನ ಇರುವ ಊರು. ಅದರ ನಡುವೆ ಒಂದು ಉದ್ದನೆಯ ಹುಲ್ಲಿನ ಮನೆ ಇದೆ. ಗೋಡೆ ಸೊಂಟದೆತ್ತರ ಮಾತ್ರ, ಸೂರು ಎರಡೂ ಕಡೆ ಬಾಗಿ ಇಳಿದಿದೆ, ಒಳಗೆ ಹೋಗುವಾಗ ಎಂಥವರೂ ತಲೆ ತಗ್ಗಿಸಬೇಕು. ಬಾಗಿಲ ಪಕ್ಕದಲ್ಲಿ ಆ ಸೂರು ಒಂದು ಮೊರದಷ್ಟು ಅಗಲ ಬಾಯಿ ಬಿಟ್ಟಿದೆ, ಆ ಬಾಯಿಂದ ಒಂದು ಹಾಲವಾಣದ ಮರ ಮೇಲೆದ್ದು ಬಂದಿದೆ. ನೋಡಲು ಬಂದವರಲ್ಲಿ ಅನೇಕರು ಗಾಳಿಗೆ ಹುಲ್ಲು ಹಾರಿಹೋಗಿದೆ ಎಂದುಕೊಳ್ಳುತ್ತಾರೆ. ಹಿಂದಿನ ವರ್ಷ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ, ನೀಲಿ ಟಾರ್ಪಾಲು ಕಳಿಸಿಕೊಡಲೇ ಎಂದು ಕೇಳಿದರು. ಬೇಡ ಎನ್ನಲು ಕಾರಣ ಹೇಳಬೇಕಲ್ಲ, ಕಾರಣ ಹೇಳಲು ಹೊರಟರೆ ಇಷ್ಟು ಉದ್ದ ಆಗುತ್ತದೆ.

ಆ ಮನೆಗೆ ಹಿರಿಮನೆ ಎನ್ನುತ್ತೇವೆ. ಅದರಲ್ಲಿ ಯಾರೂ ವಾಸ ಮಾಡುವುದಿಲ್ಲ. ಮದುವೆಯ ಮಾತು, ನ್ಯಾಯ, ಹೊಸ ರಾಗಿಯ ಊಟ, ಸತ್ತವರನ್ನು ಕೂರಿಸುವುದು, ಎಲ್ಲವೂ ಅಲ್ಲೇ. ಹಾಡಿಯಲ್ಲಿ ಎಷ್ಟು ಒಲೆಗಳಿವೆಯೋ ಹಿರಿಮನೆಗೆ ಅಷ್ಟು ಕಂಬಗಳು. ಒಲೆ ಎಂದರೆ ಇಲ್ಲಿ ಸಂಸಾರ ಎಂದು ಅರ್ಥ ಮಾಡಿಕೊಳ್ಳಬೇಕು, ಒಂದೇ ಬೆಂಕಿಯಲ್ಲಿ ಬೆಂದ ಅನ್ನವನ್ನು ತಿನ್ನುವವರೆಲ್ಲ ಒಂದು ಒಲೆಯವರು. ಅಣ್ಣ ತಮ್ಮ ಬೇರೆಯಾದರೆ ಒಲೆ ಎರಡಾಗುತ್ತದೆ, ಮುಂದಿನ ಸಲ ಹಿರಿಮನೆ ಕಟ್ಟುವಾಗ ಕಂಬವೂ ಎರಡಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಹಳೆಯದನ್ನು ಇಳಿಸಿ ಹೊಸದನ್ನು ಕಟ್ಟುತ್ತೇವೆ. ಒಬ್ಬರು ಸತ್ತಾಗ ಹೊಳೆಯಿಂದ ಒಂದು ಗುಂಡುಕಲ್ಲು ತಂದು ಅವರ ಒಲೆಯ ಕಂಬದ ಬುಡದಲ್ಲಿ ಇಡುತ್ತೇವೆ, ಆ ದಿನದಿಂದ ಅವರು ಅಲ್ಲಿ ಕೂತಿದ್ದಾರೆ ಎಂದು ತಿಳಿಯುತ್ತೇವೆ. ಹಬ್ಬದ ದಿನ ಆ ಕಲ್ಲಿಗೂ ಎಲೆ ಹಾಕುತ್ತೇವೆ. ಕಂಬ ಇಲ್ಲದ ಒಲೆಯವರ ಕಲ್ಲಿಗೆ ಮಾತ್ರ ಒಳಗೆ ಜಾಗವಿಲ್ಲ. ಅದು ಅಂಗಳದಲ್ಲಿ, ನಾಯಿ ಮಲಗುವ ಕಡೆ, ಮಳೆಯಲ್ಲಿ ಇರಬೇಕು.

ಕಂಬದ ವಿಷಯದಲ್ಲಿ ನಮ್ಮ ಹಿರಿಯರು ಮೂರು ಕಟ್ಟುಗಳನ್ನು, ಅಂದರೆ ನಿಯಮಗಳನ್ನು, ಮಾಡಿದ್ದರು. ಒಂದೊಂದಾಗಿ ಹೇಳದಿದ್ದರೆ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ. ಒಂದು ಒಲೆಯ ಕಂಬವನ್ನು ಆ ಒಲೆಯಲ್ಲಿ ಉಣ್ಣುವವರೇ ಕಡಿದು, ಹೊತ್ತು ತರಬೇಕು. ಬೇರೆ ಒಲೆಯವರು ಅದಕ್ಕೆ ಕೈ ಹಾಕಬಾರದು, ಎಡವಿದರೂ ಹಿಡಿಯಬಾರದು. ಆಮೇಲೆ, ಕಂಬದ ಮರಕ್ಕೆ ಉಸಿರು ಇರಬಾರದು. ಕಡಿದ ದಿಮ್ಮಿಯ ತೊಗಟೆ ತೆಗೆದು ಒಂದು ಮಳೆಗಾಲ ಪೂರ್ತಿ ಒಲೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಉಸಿರಿರುವ ಮರ ನೀರನ್ನು ಮೇಲಕ್ಕೆ ಎಳೆಯುತ್ತದೆ, ಸತ್ತವರು ನೀರಿಗಿಂತ ಹಗುರ, ಬುಡದಲ್ಲಿ ಕೂತವರನ್ನೂ ಅದು ಎಳೆದುಕೊಂಡುಬಿಡುತ್ತದೆ ಎಂಬ ಭಯ. ಆದ್ದರಿಂದ ಕಂಬ ನೆಡುವ ದಿನ ಹಾಡಿಯ ಯಜಮಾನ ಪ್ರತಿ ಕಂಬದ ಒಂದು ತುದಿಗೆ ಕಿವಿ ಹಚ್ಚಿ, ಇನ್ನೊಂದು ತುದಿಗೆ ಬೆಣಚುಕಲ್ಲಿನಿಂದ ತಟ್ಟಿಸಿ ಕೇಳುತ್ತಾನೆ. ಒಣಗಿದ ಮರ ಕಂಚಿನ ತಟ್ಟೆಯ ಹಾಗೆ ದನಿ ಕೊಡುತ್ತದೆ. ಹಸಿ ಮರ ಹಿಟ್ಟಿನ ಮುದ್ದೆ ತಟ್ಟಿದ ಹಾಗೆ ಸುಮ್ಮನಿರುತ್ತದೆ. ಕೇಳಿದ ಮೇಲೆ ಯಜಮಾನ 'ಉಸಿರಿಲ್ಲ' ಎಂದರೆ ಆ ಕಂಬ ಹಿರಿಮನೆಯದು. ಕೊನೆಯದಾಗಿ, ಹಿರಿಮನೆಯಲ್ಲಿ ಬೆಂಕಿ ಹೊತ್ತಿಸಿದ ಮೇಲೆ ಆ ಮನೆಗೆ ಕಬ್ಬಿಣ ತಾಗಿಸುವಂತಿಲ್ಲ. ಕತ್ತಿ, ಮಚ್ಚು, ಕೊಡಲಿ ಯಾವುದೂ ಕೂಡದು.

ಹಿಂದೆ ಒಮ್ಮೆ ಈ ಹಾಡಿಯಲ್ಲಿ ಬೀರ, ಮುದ್ದ ಎಂಬ ಅಣ್ಣತಮ್ಮಂದಿರು ಇದ್ದರಂತೆ. ಬೀರ ದೊಡ್ಡವನು, ತುಂಬಾ ಎತ್ತರದವನು. ಅವನ ಹೆಂಡತಿ ಕ್ಯಾತಿ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಮನೆ ಕಟ್ಟುವುದಕ್ಕೆ ಒಂದು ವರ್ಷ ಇರುವಾಗ ಅಣ್ಣತಮ್ಮಂದಿರ ಒಲೆ ಬೇರೆಯಾಯಿತು. ಜಗಳವಾಗಿ ಅಲ್ಲ, ಮನೆ ಸಾಲದೆ ಆದದ್ದು ಎನ್ನುತ್ತಾರೆ. ಮುದ್ದನಿಗೆ ಅಪ್ಪನ ಕಾಲದ ಒಲೆಯೇ ಉಳಿಯಿತು, ಬೀರ ಹೊಸ ಕಂಬ ತರಬೇಕಾಯಿತು. ಅವನು ಹೊಳೆಯ ಆಚೆ ಒಂದು ನಂದಿ ಮರ ನೋಡಿ ಕಡಿದ. ಮೊದಲ ಮಳೆ ಬಿದ್ದು ಹೊಳೆ ತುಸು ಏರಿದಾಗ ದಿಮ್ಮಿಯನ್ನು ತೇಲಿಸಿಕೊಂಡು ಈಚೆ ತರುವುದು ನಮ್ಮ ರೂಢಿ. ಬೀರ ದಿಮ್ಮಿಯನ್ನು ತಬ್ಬಿಕೊಂಡು ನೀರಿಗಿಳಿದ. ಮುದ್ದ ಈಚೆ ದಡದಲ್ಲಿ ನಿಂತಿದ್ದ. ಮೇಲೆ ಎಲ್ಲಿಯೋ ಜೋರು ಮಳೆಯಾಗಿ ನೀರು ಕೆಂಪಗೆ ಬಂತು. ದಿಮ್ಮಿಯ ತುದಿ ಮುದ್ದನ ಮುಂದೆಯೇ, ಒಂದು ಮಾರು ದೂರದಲ್ಲಿ ಹಾದುಹೋಯಿತು. ಅವನು ಕೈ ಚಾಚಿದ್ದರೆ ಸಿಗುತ್ತಿತ್ತು. ಆದರೆ ಅದು ಬೇರೆ ಒಲೆಯ ಕಂಬ. ಅಣ್ಣ ತಾನೇ ದಾಟಿಸಿಕೊಳ್ಳುತ್ತಾನೆ, ನಾನು ಮುಟ್ಟಿದರೆ ಇಷ್ಟು ಪಟ್ಟ ಕಷ್ಟ ಕೆಟ್ಟುಹೋಗುತ್ತದೆ ಎಂದು ಮುದ್ದ ಕೈ ಎತ್ತಲಿಲ್ಲ. ತಿರುವಿನಲ್ಲಿ ದಿಮ್ಮಿ ಮಗುಚಿತು. ಬೀರ ಸಿಗಲೇ ಇಲ್ಲ, ದಿಮ್ಮಿಯೂ ಸಿಗಲಿಲ್ಲ. ನೀರಿಳಿದ ಮೇಲೆ ಕ್ಯಾತಿ ಅದೇ ತಿರುವಿನಿಂದ ಒಂದು ಉದ್ದನೆಯ ಕಲ್ಲನ್ನು ಆರಿಸಿ ತಂದು ತನ್ನ ಮನೆಯ ಅಕ್ಕಿ ಮಡಕೆಯ ಪಕ್ಕ ಇಟ್ಟುಕೊಂಡಳು. ಹಿರಿಮನೆಯಲ್ಲಿ ಕೂರಿಸುವ ತನಕ ಆ ಕಲ್ಲನ್ನು ನೆಲದ ಮೇಲೆ ಇಡುವ ಹಾಗಿಲ್ಲ, ಅದಕ್ಕೆ ಮೊರದಲ್ಲಿ ಇಟ್ಟಿದ್ದಳು.

ಗಂಡ ಸತ್ತ ಹೆಂಗಸು ಒಂಬತ್ತು ಹುಣ್ಣಿಮೆ ಕಬ್ಬಿಣ ಮುಟ್ಟಬಾರದು ಎಂಬುದು ಆಗಿನ ಪದ್ಧತಿ. ಸೊಪ್ಪನ್ನು ಕೂಡ ಕೈಯಲ್ಲೇ ಮುರಿಯಬೇಕು. ಮಕ್ಕಳು ಚಿಕ್ಕವರು. ಅಂದರೆ ಕ್ಯಾತಿಯ ಒಲೆಗಾಗಿ ಮರ ಕಡಿಯುವ ಕೈ ಒಂದೂ ಇರಲಿಲ್ಲ, ಬೇರೆಯವರು ಕಡಿದುಕೊಡುವಂತೆಯೂ ಇರಲಿಲ್ಲ. ಒಂಬತ್ತನೆಯ ಹುಣ್ಣಿಮೆ ಕಳೆದಾಗ ಹಿರಿಮನೆಯ ಕಂಬ ನೆಡುವುದಕ್ಕೆ ಉಳಿದದ್ದು ಹನ್ನೊಂದು ದಿನ. ಮುದ್ದ ಅವಳ ಬಾಗಿಲಿಗೆ ಬಂದ. ಅವನು ಕೆಟ್ಟವನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನು ಆಡುವ ಮಾತು ಕೇಳಿ ಓದುವವರು ತಪ್ಪು ತಿಳಿಯಬಹುದು.

"ಅತ್ತಿಗೆ, ನನ್ನ ಒಲೆಗೆ ಬಂದ್ಬುಡು" ಎಂದನಂತೆ. "ಅಣ್ಣನ ಕಲ್ಲು ನಮ್ಮ ಕಂಬದ ಬುಡದಲ್ಲೇ ಕೂರ್ಲಿ. ಅಪ್ಪ ಅವ್ನೆ, ಅವ್ವ ಅವ್ಳೆ, ಮಾತಾಡ್ಕಂಡಿರ್ತಾರೆ."

"ನಿಮ್ಮಪ್ಪನ ಜೊತೆ ಅವ್ನು ಬದುಕಿದ್ದಾಗ್ಲೇ ಮಾತಾಡ್ಲಿಲ್ಲ, ಈಗ ಏನು ಮಾತಾಡ್ತಾನೆ?" ಎಂದಳು ಕ್ಯಾತಿ. ಮೊರದಲ್ಲಿದ್ದ ಕಲ್ಲನ್ನು ನೋಡಿ, "ಒಲೆ ಆರಿಸ್ಕಂಡು ತಮ್ಮನ ಮನೆ ಸೇರ್ಕಂಡ ಅನ್ನಿಸ್ಕೊಳ್ಳೋಕೆ ಅವ್ನು ಆ ದಿಮ್ಮಿ ತರಕ್ಕೆ ಹೋದ್ನಾ ಮುದ್ದಣ್ಣ?" ಎಂದಳು.

"ಕಂಬ ಎಲ್ಲಿಂದ ತತ್ತೀಯ?"

"ಕಾಡಿಂದ. ಇನ್ನೆಲ್ಲಿಂದ ತತ್ತಾರೆ?"

ನಂದಿ, ಹೆಬ್ಬಲಸು ಮುಂತಾದ ಗಟ್ಟಿ ಮರದ ಕಂಬವನ್ನು ಎತ್ತಲು ಬೀರನಂಥ ಗಟ್ಟಿ ಆಳು ಬೇಕು. ಒಬ್ಬ ಹೆಂಗಸು, ಇಬ್ಬರು ಮಕ್ಕಳು ಹೊರಬಹುದಾದ ಮರ ಎಂದರೆ ಹಾಲವಾಣ ಒಂದೇ. ಅದು ಬೆಂಡಿನಷ್ಟು ಹಗುರ. ಹಾಲವಾಣವನ್ನು ನೋಡದವರಿಗಾಗಿ ಹೇಳುತ್ತೇನೆ: ಅದಕ್ಕೆ ಮೈತುಂಬ ಮುಳ್ಳು, ಬೇಸಿಗೆಗೆ ಮುಂಚೆ ಎಲೆಯೆಲ್ಲ ಉದುರಿ ಕೆಂಪು ಹೂ ಬಿಡುತ್ತದೆ. ಅದರ ಗೂಟವನ್ನು ಬೇಲಿಗೆ ನೆಡುತ್ತಾರೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಡುತ್ತಾರೆ. ಮನೆಗೆ ಯಾರೂ ಬಳಸುವುದಿಲ್ಲ. ಕ್ಯಾತಿ ಹಳ್ಳದ ಅಂಚಿನ ಹಾಲವಾಣ ಒಂದನ್ನು ಮೂರು ದಿನ ಕಡಿದಳು. ಮುಳ್ಳನ್ನು ಆದಷ್ಟು ಕೆರೆದಳು. ಹೊಗೆಗೆ ಇಟ್ಟದ್ದು ಐದೇ ದಿನ. ನೆಡುವ ದಿನ ಮುಂದಿನ ತುದಿಗೆ ತಾನು ಹೆಗಲು ಕೊಟ್ಟು, ಹಿಂದಿನ ತುದಿಗೆ ಇಬ್ಬರು ಹುಡುಗಿಯರನ್ನು ನಿಲ್ಲಿಸಿ ಏರು ಹತ್ತಿ ಬಂದಳು. ಹಾಡಿಯವರೆಲ್ಲ ದಾರಿಯ ಎರಡೂ ಕಡೆ ನಿಂತಿದ್ದರು. ಸಣ್ಣ ಹುಡುಗಿ ಎಡವಿ ಮಂಡಿಯೂರಿದಾಗ ಒಬ್ಬ ಮುದುಕಿ ಕೈ ಚಾಚಿ, ಕಟ್ಟು ನೆನಪಾಗಿ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳಂತೆ.

"ಏನಕ್ಕ, ಹಿರಿಮನೆಗೆ ಬೇಲಿ ಹಾಕ್ತೀಯಾ?" ಎಂದು ಯಾರೋ ಕೂಗಿದರು.

"ನಿನ್ನ ಬಾಯಿಗೆ ಹಾಕ್ತೀನಿ. ದಾರಿ ಬುಡು" ಎಂದಳು ಕ್ಯಾತಿ.

ಆಗ ಯಜಮಾನನಾಗಿದ್ದವನು ಜಡೆಯಜ್ಜ. ಅರವತ್ತು ದಾಟಿದವನು, ಆದರೆ ಕಿವಿ ಚುರುಕು. ಜೇನು ಯಾವ ಪೊಟರೆಯಲ್ಲಿದೆ ಎಂದು ಮರಕ್ಕೆ ಕಿವಿಯಿಟ್ಟು ಹೇಳುತ್ತಿದ್ದವನು. ಅವನು ಸಾಲಾಗಿ ಕಂಬಗಳನ್ನು ಕೇಳುತ್ತಾ, ಉಸಿರಿಲ್ಲ, ಉಸಿರಿಲ್ಲ ಎನ್ನುತ್ತಾ ಬಂದ. ಕೊನೆಯದು ಕ್ಯಾತಿಯದು. ಕಂಬವನ್ನು ಇಳಿಸಿ ಅವಳು ಬೆನ್ನು ತಿರುಗಿಸಿ ನಿಂತಿದ್ದಳು, ಜನರ ಮುಖ ನೋಡಲಾರದೆ. ಜಡೆಯಜ್ಜ ತುದಿಗೆ ಕಿವಿ ಹಚ್ಚಿ ಕೂತ. ಆಚೆ ತುದಿಗೆ ಕಲ್ಲು ತಟ್ಟಿದರು. ಅವನು ಏಳಲಿಲ್ಲ. ಇನ್ನೊಮ್ಮೆ ತಟ್ಟಿ ಎಂದ. ತಟ್ಟಿದರು. ಅವನು ಕೂತಲ್ಲಿಂದ ಎದುರಿಗೆ ಕಾಣುತ್ತಿದ್ದದ್ದು ಕ್ಯಾತಿಯ ಬೆನ್ನು. ಕೆರೆದು ಉಳಿದ ಮುಳ್ಳೆಲ್ಲ ಅವಳ ಬಲಹೆಗಲಿನಲ್ಲಿ ಮುರಿದುಕೊಂಡಿದ್ದವು, ಬಟ್ಟೆ ಅಂಟಿಕೊಂಡು ಕಪ್ಪಾಗಿತ್ತು. ಜಡೆಯಜ್ಜ ಎದ್ದು ನಿಂತು ಮಣ್ಣು ಕೊಡವಿಕೊಂಡು "ಉಸಿರಿಲ್ಲ" ಎಂದ. ಬಾಗಿಲ ಪಕ್ಕದ ಗುಳಿಯಲ್ಲಿ ಕ್ಯಾತಿ ಮತ್ತು ಮಕ್ಕಳೇ ಆ ಕಂಬವನ್ನು ನೆಟ್ಟರು, ಅದು ಕೊನೆಯ ಕಂಬದ ಜಾಗ. ಬುಡದಲ್ಲಿ ಬೀರನ ಕಲ್ಲನ್ನು ಕೂರಿಸಿದರು. ಸೂರು ಕಟ್ಟಿ, ಬೆಂಕಿ ಹೊತ್ತಿಸಿ, ಊಟ ಮಾಡಿದರು. ಕ್ಯಾತಿ ಆ ದಿನ ಎರಡು ಸಲ ಬಡಿಸಿಕೊಂಡು ಉಂಡಳು ಎಂದು ಕುನ್ನವ್ವ ಹೇಳುತ್ತಿದ್ದಳು.

ಹಾಲವಾಣದ ಕೊಂಬೆಯನ್ನು ನೆಟ್ಟರೆ ಬೇರು ಬಿಡುತ್ತದೆ ಎಂಬುದು ಬೇಲಿ ಕಟ್ಟುವವರಿಗೆಲ್ಲ ಗೊತ್ತು. ಇಷ್ಟು ಜನ ಇದ್ದೂ ಅದು ಯಾರಿಗೂ ಏಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಹೊಳೆದಿತ್ತೋ ಏನೋ, ಯಜಮಾನ ಉಸಿರಿಲ್ಲ ಎಂದ ಮೇಲೆ ಯಾರೂ ಆಡಲಿಲ್ಲ ಎಂದು ನನ್ನ ಅನಿಸಿಕೆ. ಎರಡು ಮಳೆ ಬಿದ್ದ ಮೇಲೆ ಒಂದು ಮುಂಜಾನೆ ಹಿರಿಮನೆ ಗುಡಿಸಲು ಹೋದ ಕ್ಯಾತಿ ಕಂಬದ ಮೇಲೆ ಹೆಸರುಕಾಳಿನಷ್ಟು ಹಸಿರನ್ನು ಕಂಡಳು. ಅದು ತಿಳಿದರೆ ಕಂಬ ಹೋಗುತ್ತದೆ, ಗಂಡನ ಕಲ್ಲು ಅಂಗಳಕ್ಕೆ ಬೀಳುತ್ತದೆ, ಜಡೆಯಜ್ಜನ ಮಾತು ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮರ ನಿಜವಾಗಿ ಬೀರನನ್ನು ಎಳೆದುಕೊಂಡುಬಿಟ್ಟರೆ ಎಂಬ ದಿಗಿಲು. ಅವಳು ಉಗುರಿನಿಂದ ಚಿಗುರನ್ನು ಚಿವುಟಿ ಮಡಿಲಿಗೆ ಹಾಕಿಕೊಂಡಳು. ಮರುದಿನ ಇನ್ನೆರಡು ಬಂದಿದ್ದವು. ಅಂದಿನಿಂದ ಹಿರಿಮನೆ ಗುಡಿಸುವ ಕೆಲಸವನ್ನು ಅವಳು ಯಾರಿಗೂ ಬಿಡಲಿಲ್ಲ. ಪಾಪ, ಎಷ್ಟು ಭಕ್ತಿ ಎಂದು ಜನ ಮಾತಾಡಿಕೊಂಡರು. ದಿನಾ ಬೆಳಕು ಹರಿಯುವಾಗ ಬಂದು, ಕೈಗೆ ಸಿಕ್ಕಿದ್ದನ್ನೆಲ್ಲ ಚಿವುಟಿ, ಎತ್ತರದ್ದನ್ನು ತುದಿಗಾಲಲ್ಲಿ ನಿಂತು ಚಿವುಟಿ, ಮಡಿಲಲ್ಲಿ ತುಂಬಿಕೊಂಡು ಹೋಗಿ ಮೇಕೆಗೆ ಹಾಕುತ್ತಿದ್ದಳು. ಆದರೆ ಕಂಬದ ನೆತ್ತಿ ಹುಲ್ಲಿನೊಳಗೆ ಹೂತಿತ್ತು. ಅಲ್ಲಿ ಒಡೆದ ಒಂದು ಚಿಗುರು ಅವಳ ಕಣ್ಣಿಗೆ ಬೀಳಲಿಲ್ಲ.

ಮಳೆಗಾಲ ಹಿಡಿದು ಒಂದು ದಿನ ಮಳೆ ಹೊಳವಾಗಿ ಬಿಡುವು ಕೊಟ್ಟಾಗ ಮುದ್ದ ಎದುರು ಗುಡ್ಡದಿಂದ ಅಣಬೆ ಕಿತ್ತುಕೊಂಡು ಇಳಿಯುತ್ತಿದ್ದ. ಅವನ ಜೊತೆಯಲ್ಲಿದ್ದವನೊಬ್ಬ ನಿಂತು, "ಲೋ, ನೋಡ್ಲಾ, ಹಿರಿಮನೆಗೆ ಜುಟ್ಟು ಬಂದದೆ!" ಎಂದು ನಕ್ಕನಂತೆ. ಸೂರಿನ ಮೇಲೆ, ಬಾಗಿಲ ಪಕ್ಕ, ಮೂರು ಅಗಲ ಎಲೆ ನೆಟ್ಟಗೆ ನಿಂತಿದ್ದವು. ಮುದ್ದ ನಗಲಿಲ್ಲ. ಅಣಬೆಯ ಬುಟ್ಟಿಯನ್ನು ಅಲ್ಲೇ ಇಟ್ಟು ಓಡಿದ. ಸ್ವಲ್ಪ ಹೊತ್ತಿನಲ್ಲಿ ಹಾಡಿಯೇ ಹಿರಿಮನೆಯಲ್ಲಿ ಸೇರಿತು. ಮುದ್ದ ಜಡೆಯಜ್ಜನ ಎದುರು ನಿಂತು, "ಅಜ್ಜ, ಉಸಿರಿರೋ ಮರ ನಮ್ಮೋರ ಮಧ್ಯೆ ನಿಂತದೆ. ನನ್ನ ಅವ್ವ, ಅಪ್ಪ ಇಲ್ಲೇ ಕೂತವ್ರೆ. ಎಲ್ರನ್ನೂ ಅದು ಹೀರ್ಕಂಡ್ರೆ ಏನು ಮಾಡ್ತೀಯ? ಅದನ್ನ ಕೀಳ್ಬೇಕು" ಎಂದ.

ಜಡೆಯಜ್ಜ ಬಾಯಿ ತೆರೆಯುವುದರೊಳಗೆ ಕ್ಯಾತಿ ಮುಂದೆ ಬಂದಳು. "ಅಜ್ಜ ಕೇಳಿದಾಗ ಅದಕ್ಕೆ ಉಸಿರಿರ್ಲಿಲ್ಲ" ಎಂದಳು. "ನಾನೇ ದಿನಾ ಬುಡಕ್ಕೆ ನೀರು ಹುಯ್ದು ಬದುಕಿಸ್ಬುಟ್ಟೆ. ಗಂಡನ ಬಾಯಾರಿಕೆ ನೆನ್ಕಂಡು ಹುಯ್ದೆ. ತಪ್ಪು ನಂದು. ಕಲ್ಲು ನಾನೇ ಎತ್ಕತೀನಿ."

ಅವಳು ಬಗ್ಗಿ ಕಲ್ಲಿಗೆ ಕೈ ಹಾಕಿದಳು. ಆಗ ಜಡೆಯಜ್ಜ ತನ್ನ ಚಾಪೆ ಬಿಟ್ಟು ಎದ್ದ. ಯಜಮಾನನ ಚಾಪೆ ಹಿರಿಮನೆಯ ಒಳತುದಿಯಲ್ಲಿ, ಬೆಚ್ಚನೆಯ ಜಾಗದಲ್ಲಿ ಇರುತ್ತಿತ್ತು. "ಬುಡವ್ವ ಕಲ್ಲನ್ನ" ಎಂದ. "ನೀರು ಹುಯ್ದಿಲ್ಲ ಅವ್ಳು. ಅವತ್ತು ಎರಡು ಸಲ ತಟ್ಟಿಸ್ದೆ. ಎರಡು ಸಲವೂ ಉಸಿರಿತ್ತು. ಇಲ್ಲ ಅಂದೋನು ನಾನು." ಯಾಕೆ ಹಾಗಂದೆ ಎಂದು ಮುದ್ದ ಕೇಳಿದ. ಅದಕ್ಕೆ ಜಡೆಯಜ್ಜ, "ನಾನು ಕಂಬದ ಈ ತುದೀಲಿ ಕೂತಿದ್ದೆ. ನೀನು ಕೂತಿದ್ರೆ ಗೊತ್ತಾಗ್ತಿತ್ತು" ಎಂದಷ್ಟೇ ಹೇಳಿ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದ. ಸುಳ್ಳಾಡಿದ ಯಜಮಾನ ಆ ಚಾಪೆಯ ಮೇಲೆ ಕೂರುವಂತಿಲ್ಲ.

ಕಬ್ಬಿಣ ತಾಗಿಸುವಂತಿಲ್ಲವಾದ್ದರಿಂದ ಕಂಬವನ್ನು ಕಡಿಯುವ ಹಾಗಿರಲಿಲ್ಲ, ಅಲ್ಲಾಡಿಸಿ ಕೀಳಬೇಕು. ಒಡೆಯನಿಲ್ಲದ ಕಂಬವನ್ನು ಕೀಳುವುದು ಹತ್ತಿರದ ರಕ್ತದವರು, ಅಂದರೆ ಮುದ್ದನೇ. ಅವನು ಕಂಬವನ್ನು ಎರಡೂ ತೋಳಿನಿಂದ ತಬ್ಬಿ, ಕೆನ್ನೆ ಒತ್ತಿ ಹಿಡಿದ. ಹಿಡಿದವನು ಹಾಗೇ ನಿಂತುಬಿಟ್ಟ. ಅವನ ಅಂಗೈಗೆ ಏನೋ ಒರಟಾಗಿ ತಾಗಿತು. ಕಣ್ಣು ಹಾಯಿಸಿ ನೋಡಿದರೆ ಕಂಬದ ತುಂಬ ಅರ್ಧಚಂದ್ರದ ಹಾಗೆ ಉಗುರಿನ ಕಲೆಗಳು, ಒಂದರ ಮೇಲೊಂದು. ಬುಡದಿಂದ ಶುರುವಾಗಿ, ಹೆಂಗಸು ಕೈಯೆತ್ತಿದರೆ ಮುಟ್ಟುವ ಎತ್ತರದ ತನಕ, ಅದಕ್ಕಿಂತ ಒಂದು ಗೇಣು ಮೇಲಕ್ಕೂ ಇದ್ದವು. ಅಲ್ಲಿಂದಾಚೆ ಇರಲಿಲ್ಲ. ಅವನು ತಿರುಗಿ ಕ್ಯಾತಿಯ ಕೈ ನೋಡಿದ. ಉಗುರುಗಳ ಸಂದಿಯೆಲ್ಲ ಹಸಿರುಗಪ್ಪಾಗಿತ್ತು.

"ದಿನಾ ಚಿವುಟ್ತಿದ್ಯಾ ಅತ್ತಿಗೆ?"

"ಇನ್ನೇನು ಮಾಡ್ಲಿ? ಬರಬೇಡ ಅಂತ ಹೇಳಿದ್ರೆ ಕೇಳ್ತದಾ ಅದು?"

ಮುದ್ದ ಕಂಬವನ್ನು ಬಿಡಲಿಲ್ಲ, ಕೀಳಲೂ ಇಲ್ಲ. ತಬ್ಬಿಕೊಂಡೇ ಮಾತಾಡಿದ. ಅವನು ಅಷ್ಟು ದಿನ ಯಾರ ಹತ್ತಿರವೂ ಆಡದಿದ್ದ ಮಾತು ಅದು. "ಅವತ್ತು ದಿಮ್ಮಿ ನನ್ನ ಮುಂದೇನೇ ಹೋಯ್ತು" ಎಂದ. "ಅಣ್ಣ ನನ್ನ ಮುಖ ನೋಡ್ದ. ಕೂಗ್ಲಿಲ್ಲ. ಕಟ್ಟು ಅವ್ನಿಗೂ ಗೊತ್ತಿತ್ತಲ್ಲ, ಅದಕ್ಕೆ ಕೂಗ್ಲಿಲ್ಲ. ಮುಟ್ಟಬಾರದು ಅಂತ ನಾನು ನಿಂತೆ. ನೀನು ಉಸಿರಿನ ಕಟ್ಟು ಮುರೀಬೋದು ಅಂದ್ರೆ, ಅವತ್ತು ಮುಟ್ಟಬಾರದು ಅನ್ನೋ ಕಟ್ಟನ್ನ ಯಾಕೆ ಮುರೀಲಿಲ್ಲ ನಾನು? ಹೇಳು ಅಜ್ಜ." ಹೊರಗೆ ಮತ್ತೆ ಮಳೆ ಹಿಡಿಯಿತು. ಕ್ಯಾತಿ ಹತ್ತಿರ ಬಂದು, ಕಂಬದ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಅದು ಅವಳ ಒಲೆಯ ಕಂಬ, ಅವನು ಬೇರೆ ಒಲೆಯವನು. ಒಂದೇ ಕಂಬದ ಮೇಲೆ ಎರಡು ಒಲೆಯ ಕೈ ಇದ್ದದ್ದನ್ನು ಹಾಡಿಯವರು ಅಂದೇ ಮೊದಲು ನೋಡಿದ್ದು ಎನ್ನುತ್ತಾರೆ.

ಮುದ್ದ ಹೊರಗೆ ಹೋದ. ಏಣಿ ಹಾಕಿ ಮಳೆಯಲ್ಲೇ ಸೂರು ಹತ್ತಿದ. ಹುಲ್ಲಿನ ಕಂತೆಗಳನ್ನು ಬಿದಿರಿಗೆ ಕಟ್ಟುವ ಬಳ್ಳಿಯನ್ನು ನೆನೆಸಿ ಬಿಗಿಯುತ್ತೇವೆ, ಒಣಗಿದ ಮೇಲೆ ಅದು ತಂತಿಯ ಹಾಗೆ ಆಗುತ್ತದೆ, ಕತ್ತಿ ಇಲ್ಲದೆ ಅದನ್ನು ಬಿಚ್ಚುವುದು ಸುಲಭವಲ್ಲ. ಅವನು ಬೆರಳಿನಿಂದ, ಹಲ್ಲಿನಿಂದ ಒಂದೊಂದೇ ಗಂಟು ಬಿಚ್ಚಿದ. ಕೆಳಗೆ ನಿಂತವರ ಮೇಲೆ ಹುಲ್ಲು ಬಿತ್ತು, ಆಮೇಲೆ ಬೆಳಕು ಬಿತ್ತು, ಆಮೇಲೆ ಮಳೆ ಬಿತ್ತು. ಹುಲ್ಲಿನೊಳಗೆ ಸಿಕ್ಕಿ, ಹೊಗೆ ಹಿಡಿದು ಹಳದಿಯಾಗಿದ್ದ ಆ ಚಿಗುರಿನ ಉಳಿದ ಎಲೆಗಳೂ ಬಿಡಿಸಿಕೊಂಡವು. ಆ ರಂಧ್ರದಿಂದ ಮುದ್ದ ಮುಖ ಹಾಕಿ ಕೆಳಗೆ ನೋಡಿ, "ಅಣ್ಣನ ತಲೆ ಯಾವ ಸೂರಿನಡಿ ಹಿಡೀತಿತ್ತು? ಬಾಗ್ಲಲ್ಲಿ ಹಣೆ ಚಚ್ಚಿಸ್ಕೊಳ್ದೆ ಒಂದು ದಿನ ಒಳಗೆ ಬಂದೋನಲ್ಲ. ಏರೋದಾದ್ರೆ ಏರ್ಲಿ, ಇಳಿಯೋದಾದ್ರೆ ಇಳೀಲಿ, ದಾರಿ ಮಾಡ್ಕೊಟ್ಟಿದೀನಿ" ಎಂದ. ಮೊದಲು ನಕ್ಕವಳು ಕ್ಯಾತಿ. ಅವಳು ನಕ್ಕಿದ್ದು ಒಂದು ವರ್ಷದ ಮೇಲೆ. ಆಮೇಲೆ ಎಲ್ಲರೂ ನಕ್ಕರು, ಹಲವರು ಅತ್ತರು. ಬೀರನ ಕಲ್ಲು ಇದ್ದಲ್ಲೇ ಉಳಿಯಿತು. ಉಳಿದ ಹಿರಿಯರನ್ನು ಮರ ಹೀರಿಕೊಂಡಿತೇ ಎಂದರೆ, ಆ ವರ್ಷ ಯಾರ ಕನಸಿನಲ್ಲೂ ಯಾವ ಹಿರಿಯರೂ ಬಂದು ದೂರಲಿಲ್ಲವಂತೆ. ಬಿಚ್ಚಿದ ಸೂರನ್ನು ಯಾರೂ ಮತ್ತೆ ಮುಚ್ಚಲಿಲ್ಲ. ಹೊಳೆಯಾಚೆಯ ಜನ ಅದನ್ನು ಕಂಡು ಈ ಗುಡ್ಡವನ್ನು ಸೂರುಬಿಚ್ಚಿದ ಗುಡ್ಡ ಎಂದರು. ಹೆಸರು ಹಾಗೇ ನಿಂತಿತು.

ಜಡೆಯಜ್ಜನನ್ನು ಚಾಪೆಗೆ ಹಿಂತಿರುಗು ಎಂದು ಜನ ಕೇಳಿಕೊಂಡರು. ಅವನು ಒಪ್ಪಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ, ಯಜಮಾನನಾಗಿಯೇ ಇರುತ್ತೇನೆ, ಆದರೆ ಕೂರುವುದು ಆ ರಂಧ್ರದ ಕೆಳಗೆ ಎಂದ. ಈಗಲೂ ನಮ್ಮ ಯಜಮಾನನ ಜಾಗ ಅದೇ. ಒಳಗೆ ಬಂದವರು ಬಾಗಿಲ ಪಕ್ಕ ನೋಡಿದರೆ ಒಂದು ಚಪ್ಪಟೆ ಬಂಡೆ ಕಾಣುತ್ತದೆ, ಮಳೆನೀರು ಬಿದ್ದು ಬಿದ್ದು ಅದರ ನಡುವೆ ಬೊಗಸೆಯಷ್ಟು ತಗ್ಗಾಗಿದೆ. ಮಳೆಗಾಲದಲ್ಲಿ ನ್ಯಾಯಕ್ಕೆ ಕೂತರೆ ಯಜಮಾನ ನೆನೆಯುತ್ತಾನೆ, ಉಳಿದವರು ಬೆಚ್ಚಗಿರುತ್ತಾರೆ. ಆದ್ದರಿಂದ ನಮ್ಮಲ್ಲಿ ನ್ಯಾಯ ಬಹಳ ಹೊತ್ತು ಎಳೆಯುವುದಿಲ್ಲ. ಮಾಘ ಕಳೆಯುವಾಗ ಬಂದರೆ ಆ ಬಂಡೆಯ ಮೇಲೆಲ್ಲ ಕೆಂಪು ಹೂ ಬಿದ್ದಿರುತ್ತದೆ. ಈಗಿರುವುದು ಕ್ಯಾತಿಯ ಮರವಲ್ಲ, ಅದು ಬಿದ್ದಾಗ ಅದರ ಕೊಂಬೆಯನ್ನೇ ನೆಟ್ಟು ಬೆಳೆಸಿದ್ದು, ಅದರ ಕೊಂಬೆಯದು ಮತ್ತೊಂದು, ಹೀಗೆ. ಬುಡದ ಉದ್ದನೆಯ ಕಲ್ಲು ಮಾತ್ರ ಅದೇ. 'ಮುಟ್ಟಬೇಡಿ' ಎಂದು ನಾವು ಫಲಕ ಹಾಕಿಲ್ಲ. ಮುಟ್ಟಬಹುದು.

ಇನ್ನೊಂದು ವಿಷಯ ಉಳಿದಿದೆ, ಅದನ್ನು ಬರೆದರೆ ಮುಗಿಯಿತು. ಅಂದಿನಿಂದ ಬೇರೆ ಒಲೆಯ ಕಂಬಕ್ಕೆ ಕೈ ಹಾಕಬಾರದೆಂಬ ಕಟ್ಟು ನಮ್ಮಲ್ಲಿ ಇಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಹಿರಿಮನೆ ಕಟ್ಟುವಾಗ ಮರದ ಸುತ್ತ ಜಾಗ ಬಿಡದೆ, ಅದರ ಕೊಂಬೆಗಳನ್ನು ಸೂರಿನ ಮಟ್ಟಕ್ಕೆ ಸವರಿ, ಸೂರನ್ನು ಮೊದಲು ಪೂರ್ತಿ ಮುಚ್ಚುತ್ತೇವೆ. ಆಮೇಲೆ ಕ್ಯಾತಿಯ ಒಲೆಯ ಹೆಂಗಸೊಬ್ಬಳು ಅಂಗಳಕ್ಕೆ ಬಂದು ಮುದ್ದನ ಒಲೆಯವರನ್ನು ಮೂರು ಸಲ ಕೂಗುತ್ತಾಳೆ. ಆ ಒಲೆಯವನು ಹತ್ತಿ, ಕತ್ತಿಯಿಲ್ಲದೆ, ಬೆರಳಿನಿಂದ ಸೂರು ಬಿಚ್ಚುತ್ತಾನೆ. ಮುದ್ದನ ಒಲೆಯವನು ಈ ಸಲ ನಾನು. ಇಂದು ಬೆಳಿಗ್ಗೆಯಿಂದ ಹುಲ್ಲು ಹೊದಿಸುತ್ತಿದ್ದಾರೆ, ನಾನು ಅಂಗಳದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೇಗಿದ್ದರೂ ಬಿಚ್ಚುವುದೇ ಆದರೆ ಮೊದಲೇ ಅಷ್ಟು ಜಾಗ ಬಿಟ್ಟು ಹೊದಿಸಬಾರದೇ, ಎರಡು ಕೆಲಸ ಏಕೆ ಎಂದು ಲೀಲಾವತಿ ಮೇಡಂ ಕೇಳಿದ್ದರು. ಕೇಳುವವರೆಲ್ಲ ಕೇಳುವ ಪ್ರಶ್ನೆ ಅದು. ಉತ್ತರವನ್ನು ಸರಿಯಾಗಿ ಬರೆಯಲು ಯತ್ನಿಸುತ್ತೇನೆ. ಮೊದಲೇ ಜಾಗ ಬಿಟ್ಟುಬಿಟ್ಟರೆ, ಏಣಿಯ ಕೆಲಸವಿಲ್ಲ, ಬೆರಳಿಗೂ ಕೆಲಸವಿಲ್ಲ, ಮುದ್ದನ ಒಲೆಯವನು ಸುಮ್ಮನೆ ಕೆಳಗೆ ನಿಂತು ನೋಡುತ್ತಾನೆ, ಹಾಗೆ ನಿಂತು ನೋಡುವುದು ಎಂದರೆ ಅವನಿಗೆ

"ಮುದ್ದನ ಒಲೆಯೋರು ಯಾರಿದೀರಪ್ಪಾ! ಎರಡು ಸಲ ಕೂಗಾಯ್ತು, ಇದು ಮೂರ್ನೇದು! ಕೈ ಕೊಡೋಕೆ ಬತ್ತೀಯೋ, ಇಲ್ಲ ಬರೀತಾನೇ ಕೂತಿರ್ತೀಯೋ?"

ಕ್ಯಾತಿಯ ಒಲೆಯ ಪುಟ್ಟಕ್ಕ ಕರೆಯುತ್ತಿದ್ದಾಳೆ. ಹೋಗಬೇಕು.